ಎರಡು ಡಬ್ಬಿ ಬೇಕಿತ್ತು

ಊಟಕ್ಕೆ ಏಳಬೇಕು ಅನ್ನುವಾಗಲೇ ಆಪರೇಷನ್ ಥಿಯೇಟರ್‌ನಿಂದ ಫೋನ್ ಬಂತು. "ಕತ್ತಿನ ಗಂಟು ತೆಗೆದಿದ್ದಾರೆ. ಯಾವುದರಲ್ಲಿ ಹಾಕಲಿ?" ಸಿಸ್ಟರ್ ಕೇಳಿದರು. ನಾನು ಯೋಚಿಸಲೇ ಇಲ್ಲ. "ಫಾರ್ಮಲಿನ್‌ಗೆ ಹಾಕಿ ಕಳಿಸಿ ಸಿಸ್ಟರ್" ಅಂದೆ. ತೆಗೆದ ತುಂಡು ಕೆಡದಂತೆ ಹಿಡಿದಿಡುವ ದ್ರವ ಅದು. ಪೆಥಾಲಜಿ ಲ್ಯಾಬ್ ಸೇರಿ ನಾಲ್ಕು ತಿಂಗಳಾಗಿತ್ತು. ಕೈ ಪಳಗಿದೆ ಅನ್ನುವ ಸಣ್ಣ ಜಂಬ ಬೇರೆ.

ಆ ಉತ್ತರ ಬಾಯಿಗೆ ಹಾಗೆ ಬರಲು ಕಾರಣವಿತ್ತು. ಸೇರಿದ ಮೊದಲ ವಾರ ಒಂದು ದೊಡ್ಡ ಗಡ್ಡೆ ಬಂದಿತ್ತು. ಕಿರಿದಾದ ಬಾಯಿಯ ಬಾಟಲಿಗೆ ಅದನ್ನು ಹೇಗೋ ತುರುಕಿ, ಮೇಲೆ ಎರಡು ಬೆರಳಿನಷ್ಟು ಫಾರ್ಮಲಿನ್ ಸುರಿದಿದ್ದರು. ಮಾರನೇ ದಿನ ಕೊಯ್ದರೆ ಹೊರಗಡೆ ಬೂದು ಬಣ್ಣ, ರಬ್ಬರಿನಂತೆ ಗಟ್ಟಿ. ಒಳಗೆ ಮಾತ್ರ ಕೆಂಪಗೆ, ಮೆತ್ತಗೆ, ಚಾಕುವಿಗೆ ಅಂಟುವ ಹಾಗೆ. ದೇಹದಿಂದ ಹೊರಬಂದ ಅಂಗಾಂಶ ತನ್ನನ್ನು ತಾನೇ ಕರಗಿಸಿಕೊಳ್ಳಲು ಶುರುಮಾಡುತ್ತದೆ. ಫಾರ್ಮಲಿನ್ ಒಳಗೆ ಇಳಿಯುವುದು ಗಂಟೆಗೆ ಸುಮಾರು ಒಂದು ಮಿಲಿಮೀಟರ್, ಆಮೇಲಾಮೇಲೆ ಇನ್ನೂ ನಿಧಾನ. ಅದಕ್ಕೇ ತುಂಡಿನ ಹತ್ತು ಪಟ್ಟಾದರೂ ಫಾರ್ಮಲಿನ್ ಇರಬೇಕು, ಡಬ್ಬಿಯ ಬಾಯಿ ಅಗಲವಿರಬೇಕು, ದೊಡ್ಡ ಗಡ್ಡೆಯನ್ನು ಸೀಳಿ ಹಾಕಬೇಕು. ಅಂದಿನಿಂದ ನನ್ನ ತಲೆಯಲ್ಲಿ ಕೂತಿದ್ದು ಒಂದೇ ಮಾತು: ಬೇಗ ಫಾರ್ಮಲಿನ್‌ಗೆ ಹಾಕು.

ಅರ್ಧ ಗಂಟೆಯಲ್ಲಿ ಡಬ್ಬಿ ಬಂತು. ಲೇಬಲ್ ಡಬ್ಬಿಯ ಮೈಮೇಲೇ ಇತ್ತು, ಮುಚ್ಚಳದ ಮೇಲಲ್ಲ. (ಮುಚ್ಚಳಕ್ಕೆ ಅಂಟಿಸುವವರ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ. ಎರಡು ಡಬ್ಬಿ ಒಟ್ಟಿಗೆ ತೆರೆದರೆ ಯಾರ ತುಂಡು ಯಾರದ್ದು?) ಹೆಸರು ನೋಡಿದೆ, ಆಸ್ಪತ್ರೆಯ ನಂಬರ್ ನೋಡಿದೆ, ಎರಡೂ ಫಾರ್ಮ್ ಜೊತೆ ಹೊಂದಿದವು. ಎಲ್ಲ ಸರಿ. ಫಾರ್ಮ್ ಮಡಚುವಾಗ ಕೊನೆಯ ಸಾಲು ಕಣ್ಣಿಗೆ ಬಿತ್ತು. ಸರ್ಜನ್ ಇಕ್ಕಟ್ಟಾಗಿ ಗೀಚಿದ್ದರು: ಟಿಬಿ ಇರಬಹುದು, ಅರ್ಧ ಕಲ್ಚರ್‌ಗೆ ಕಳಿಸಿ.

ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಕಲ್ಚರ್ ಅಂದರೆ ರೋಗಾಣುವನ್ನು ಬೆಳೆಸಿ ನೋಡುವುದು, ಅದಕ್ಕೆ ರೋಗಾಣು ಜೀವಂತ ಬೇಕು. ಫಾರ್ಮಲಿನ್ ಅದನ್ನು ಕೊಲ್ಲುತ್ತದೆ. ಆ ಅರ್ಧ ಸ್ಟೆರೈಲ್ ಸಲೈನ್‌ನಲ್ಲಿ, ಅಂದರೆ ರೋಗಾಣುವಿಲ್ಲದ ಉಪ್ಪುನೀರಿನಲ್ಲಿ, ಬೇರೆ ಡಬ್ಬಿಯಲ್ಲಿ ಬರಬೇಕಿತ್ತು. ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ: ಸಲೈನ್ ಬಾಟಲಿ ಕೈಗೆತ್ತಿಕೊಂಡು ತುಂಡನ್ನು ತೊಳೆಯಲು ಹೊರಟಿದ್ದೆ. ಹಿಂದೆ ಪೆಥಾಲಜಿ ಮೇಡಮ್ ನಿಂತಿದ್ದರು. "ತೊಳೆದ್ರೆ ಸತ್ತಿದ್ದು ಎದ್ದು ಬರುತ್ತಾ?" ಅಂದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮರುದಿನ ಅವರೇ ಗಂಟನ್ನು ಕೊಯ್ದರು. ನಡುವೆ ಹಳದಿ ಬಿಳಿ ಬಣ್ಣದ ಪುಡಿಪುಡಿ, ಒಡೆದ ಹಾಲಿನ ಗಟ್ಟಿಯ ಹಾಗೆ. ಸ್ಲೈಡ್‌ನಲ್ಲಿ ಗ್ರಾನ್ಯುಲೋಮಾ (ರೋಗನಿರೋಧಕ ಜೀವಕೋಶಗಳ ಗುಂಪು) ಇತ್ತು, ನಡುವೆ ಸತ್ತ ಭಾಗವೂ ಇತ್ತು. ನೋಡಿದವರೆಲ್ಲ ಟಿಬಿ ಅನ್ನುವಂಥ ಚಿತ್ರ. ಆದರೆ ಟಿಬಿಯ ವಿಶೇಷ ಬಣ್ಣ ಹಾಕಿ ಒಂದು ಗಂಟೆ ಹುಡುಕಿದರೂ ಕೆಂಪು ಕಡ್ಡಿಯಂತೆ ಕಾಣುವ ರೋಗಾಣು ಒಂದೇ ಒಂದೂ ಸಿಗಲಿಲ್ಲ. ಅದೇನೂ ಅಚ್ಚರಿಯಲ್ಲ. ಕಫದಲ್ಲೇ ಮೈಕ್ರೋಸ್ಕೋಪಿಗೆ ಕಾಣಬೇಕಾದರೆ ಒಂದು ಮಿಲಿಲೀಟರ್‌ಗೆ 5,000ದಿಂದ 10,000 ರೋಗಾಣು ಇರಬೇಕು. ಕಲ್ಚರ್‌ಗೆ 10ರಿಂದ 100 ಇದ್ದರೂ ಸಾಕು. ಯಾವ ಔಷಧಿ ನಾಟುತ್ತದೆ ಅಂತ ಬೆಳೆಸಿ ನೋಡುವುದಕ್ಕೂ ಜೀವಂತ ರೋಗಾಣುವೇ ಬೇಕು.

ಹಾಗಾಗಿ ಪಕ್ಕದ ಇನ್ನೊಂದು ಗಂಟಿಗೆ ಸೂಜಿ ಹಾಕಬೇಕಾಯಿತು. ಮೇಡಮ್ ಜೊತೆ ನಾನೂ ಹೋದೆ. ಚಿಕ್ಕ ವಯಸ್ಸಿನ ಹೆಂಗಸು. ಕತ್ತಿನ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. "ಮೊನ್ನೆ ಅಷ್ಟು ದೊಡ್ಡದು ತೆಗೆದ್ರಲ್ಲ, ಸಾಲಲಿಲ್ವಾ?" ಅಂತ ಕೇಳಿದರು.

"ಸಾಕಿತ್ತು ಅಕ್ಕ. ನಾವೇ ತಪ್ಪು ಡಬ್ಬಿಗೆ ಹಾಕಿಬಿಟ್ವಿ. ತಪ್ಪು ನನ್ನದು" ಅಂದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ಮಾತಿಲ್ಲದೆ ಕತ್ತು ವಾಲಿಸಿದರು.

ಸೂಜಿಯಲ್ಲಿ ಬಂದಿದ್ದು ಎರಡು ಹನಿ. ಸ್ವಲ್ಪ ಗಾಜಿನ ಮೇಲೆ ಸವರಿ, ಒಣಗುವ ಮುಂಚೆಯೇ 95% ಆಲ್ಕೋಹಾಲ್‌ಗೆ ಮುಳುಗಿಸಿದೆ. ಇನ್ನೊಂದು ಸ್ಲೈಡನ್ನು ಸುಮ್ನೆ ಗಾಳಿಗೆ ಒಣಗಲು ಬಿಟ್ಟೆ. ಸಿರಿಂಜ್‌ನಲ್ಲಿ ಉಳಿದದ್ದನ್ನು ಸ್ಟೆರೈಲ್ ಸಲೈನ್‌ಗೆ ತೊಳೆದು, ಟ್ಯೂಬ್ ಮುಚ್ಚಿ, ಯಾರ ಕೈಗೂ ಕೊಡದೆ ನಾನೇ ಕಲ್ಚರ್ ವಿಭಾಗಕ್ಕೆ ಒಯ್ದೆ. ಎರಡು ಹನಿಗೆ ಮೂರು ದಾರಿ. ಅಷ್ಟು ದೊಡ್ಡ ಗಂಟಿಗೆ ನಾನು ಒಂದೇ ದಾರಿ ತೋರಿಸಿದ್ದೆ.

ಟಿಬಿ ರೋಗಾಣು ಬಲು ನಿಧಾನ. ದ್ರವದ ಕಲ್ಚರ್‌ನಲ್ಲಿ ಬೆಳೆಯಲಿಲ್ಲ ಅಂತ ಹೇಳಬೇಕಾದರೆ 42 ದಿನ ಕಾಯಬೇಕು. ದಿನಾ ಬೆಳಿಗ್ಗೆ ಆ ಕಡೆ ಹೋಗಿ ಇಣುಕುತ್ತಿದ್ದೆ. ಅಲ್ಲಿನವರಿಗೆ ನನ್ನ ಕಾಟ ಜಾಸ್ತಿಯಾಗಿ, "ಬೆಳೆದ್ರೆ ನಾವೇ ಹೇಳ್ತೀವಿ, ಹೋಗಪ್ಪಾ" ಅಂದರು. ಹೇಳಿದ್ದು 23ನೇ ದಿನ. ಬೆಳೆದಿತ್ತು.

ಆ ನಡುವೆ ಥಿಯೇಟರ್‌ನ ಗೋಡೆಗೆ ಒಂದು ಕೈಬರಹದ ಚೀಟಿ ಅಂಟಿಸಿದೆ. ಕಲ್ಚರ್‌ಗೆ ಫಾರ್ಮಲಿನ್ ಬೇಡ. ಫ್ರೋಜನ್ ಸೆಕ್ಷನ್‌ಗೆ (ಹೆಪ್ಪುಗಟ್ಟಿಸಿ ಕೂಡಲೇ ಕೊಯ್ದು ನೋಡುವುದು) ಹಾಗೇ ಹಸಿಯಾಗಿ, ತಕ್ಷಣ. ಕಿಡ್ನಿ ಬಯಾಪ್ಸಿ ಇದ್ದರೆ ಮೊದಲೇ ಫೋನ್ ಮಾಡಿ. ಬೆನ್ನುಹುರಿಯ ನೀರು ತೆಗೆದ ಕೂಡಲೇ ಓಡಿಬನ್ನಿ, ಒಂದು ಗಂಟೆ ಕಳೆದರೆ ಅದರೊಳಗಿನ ಜೀವಕೋಶಗಳು ಕರಗುತ್ತವೆ. ಚೀಟಿಯ ಮೂಲೆ ಈಗ ಹರಿದಿದೆ. ಸಿಸ್ಟರ್‌ಗೆ ಅದು ಬೇಕಾಗಿಯೂ ಇಲ್ಲ. ಫೋನ್ ಎತ್ತಿದರೆ ಹಲೋ ಕೂಡ ಅನ್ನುವುದಿಲ್ಲ. "ಇವತ್ತು ಒಂದು ಡಬ್ಬಿನಾ, ಎರಡಾ?" ಅಂತಾರೆ.

"ಫಾರ್ಮ್‌ನ ಕೊನೆ ಸಾಲು ಓದಿ ಸಿಸ್ಟರ್" ಅಂತೀನಿ.