46 ಗೂಡು ಅಂದರೆ 46 ಜೋಡಿ ಅಲ್ಲ

ಕೆರೆಗಳಲ್ಲಿ ಹಕ್ಕಿ ಎಣಿಸಿ ವರದಿ ಬರೆಯುವುದು ನನ್ನ ಕೆಲಸ. ಸೇರಿದ ಎರಡನೇ ಮಳೆಗಾಲಕ್ಕೆ ಬಯಲುಸೀಮೆಯ ಒಂದು ಕೆರೆ ನನ್ನ ಪಾಲಿಗೆ ಬಂತು. ಹೂಳು ತೆಗೆಯುವ ಮೊದಲು ಜೊಂಡಿನಲ್ಲಿ ಯಾವ ಹಕ್ಕಿ ಗೂಡು ಕಟ್ಟಿದೆ ಎಂದು ನೋಡಬೇಕಿತ್ತು.

ಕಟ್ಟಿದ್ದು ಗೆರೆ ಗೀಜಗ. ಈಚಲಿಗೋ ಜಾಲಿಗೋ ಉದ್ದ ಕೊಳವೆಯ ಗೂಡು ನೇತುಹಾಕುವ ಗೀಜಗ ಎಲ್ಲರಿಗೂ ಗೊತ್ತು. ಇದು ಅದರ ದಾಯಾದಿ. ಎದೆ ತುಂಬ ಕಪ್ಪು ಗೆರೆ, ಮರಿ ಮಾಡುವ ಕಾಲಕ್ಕೆ ಗಂಡಿಗೆ ಹಳದಿ ಟೋಪಿ. ಆ ಕಾಲ ಮುಗಿದರೆ ಟೋಪಿ ಮಾಯ, ಗಂಡೂ ಹೆಣ್ಣಿನ ಹಾಗೇ ಕಾಣುತ್ತದೆ. (ಮೊದಲ ಚಳಿಗಾಲ ಇದನ್ನೇ ಗುಬ್ಬಿ ಎಂದು ಬರೆದುಕೊಂಡಿದ್ದೆ. ಅದು ಬೇರೆ ಕತೆ.) ಇದಕ್ಕೆ ಮರ ಬೇಕಿಲ್ಲ. ನೀರಲ್ಲಿ ನಿಂತ ಜೊಂಡಿನ ನಾಲ್ಕಾರು ಎಲೆಗಳ ತುದಿ ಎಳೆದು ಸೇರಿಸಿ, ಅದಕ್ಕೇ ಗೂಡು ಹೆಣೆಯುತ್ತದೆ. ಕೊಳವೆ ಗಿಡ್ಡ.

ದುರ್ಬೀನು ಹಿಡಿದು ಏರಿಯ ಮೇಲೆ ನಡೆದೆ. 46 ಗೂಡು ಸಿಕ್ಕವು. 46 ಜೋಡಿ ಎಂದು ಬರೆದು ಕಳಿಸಿದೆ. ಸಂಜೆ ನಮ್ಮ ಹಿರಿಯರ ಫೋನು. "ಎಷ್ಟು ಗೂಡಿನೊಳಗೆ ಹೆಣ್ಣು ಹೋಗಿದ್ದು ನೋಡಿದೆ?"

ಒಂದೂ ಇಲ್ಲ. ಸುಮ್ನೆ ಎಣಿಸಿ ಬಂದಿದ್ದೆ.

ಮತ್ತೆ ಹೋಗಿ ಮೂರು ಬೆಳಗ್ಗೆ ಒಂದೇ ಕಡೆ ಕೂತೆ. ಗಂಡು ಗೂಡನ್ನು ಅರ್ಧ ಹೆಣೆದು ನಿಲ್ಲಿಸುತ್ತದೆ, ನೋಡಲು ಹೆಲ್ಮೆಟ್ ತರಹ. ಹೆಣ್ಣು ಬಂತೋ, ಗಂಡು ಆ ಗೂಡಿಗೆ ಜೋತುಬಿದ್ದು ರೆಕ್ಕೆ ಬಡಿಯುತ್ತಾ ಚಿಲಿಪಿಲಿ ಎಬ್ಬಿಸುತ್ತದೆ. ಹೆಣ್ಣು ಒಳಹೊಕ್ಕು ನೋಡುತ್ತದೆ. ಒಪ್ಪಿದರೆ ಗಂಡು ಗೂಡು ಪೂರ್ತಿ ಮಾಡುತ್ತದೆ. ಒಪ್ಪದಿದ್ದರೆ ಅದು ಹಾಗೇ ಒಣಗುತ್ತದೆ. ಒಂದು ಹೆಣ್ಣು ಕೂತ ಮೇಲೆ ಅದೇ ಗಂಡು ಪಕ್ಕದಲ್ಲೇ ಇನ್ನೊಂದು ಗೂಡು ಶುರು ಮಾಡಿ, ಇನ್ನೊಬ್ಬಳನ್ನು ಕರೆಯುತ್ತದೆ. ಗೂಡಿಗೊಂದು ಜೋಡಿ ಎಂಬ ನನ್ನ ಲೆಕ್ಕ ಎರಡೂ ಕಡೆಯಿಂದ ತಪ್ಪು, ಅಲ್ವಾ?

ಹೆಣ್ಣು ಓಡಾಡುತ್ತಿದ್ದ ಗೂಡು 17 ಮಾತ್ರ. ವರದಿ ತಿದ್ದುವಾಗ ಕೈ ನಡುಗಿತು. ಸಂಖ್ಯೆ ಇಳಿದರೆ, ಹಕ್ಕಿ ಕಮ್ಮಿ ಇವೆ, ಅಗೆಯಿರಿ ಎಂದುಬಿಡುತ್ತಾರೆ ಎಂಬ ಭಯ. ಹಾಗಂತ ಸುಳ್ಳು ಬರೆಯಲಾಗುತ್ತದೆಯೇ? 17 ಎಂದೇ ಬರೆದೆ. ಮರಿಗಳು ಹಾರುವವರೆಗೆ ಜೊಂಡು ಮುಟ್ಟಬೇಡಿ, ಆಮೇಲೂ ಒಂದು ಬದಿ ಉಳಿಸಿ ಎಂದು ಸೇರಿಸಿದೆ. ಒಂದು ಬದಿ ಉಳಿಯಿತು. ನನ್ನ ವರದಿಯಿಂದಲ್ಲ, ಅಲ್ಲಿ ಕೆಸರು ಜಾಸ್ತಿ ಇದ್ದು ಜೆಸಿಬಿ ಇಳಿಯಲಿಲ್ಲ.

ಈಗ ನನ್ನ ನೋಟ್‌ಬುಕ್ಕಿನಲ್ಲಿ ಗೂಡಿಗೆ ಮೂರು ಕಾಲಂ ಇವೆ: ಅರ್ಧ, ಪೂರ್ತಿ, ಹೆಣ್ಣು ಹೋಗಿದ್ದು. ಮೂರನೆಯದು ತುಂಬುವುದಕ್ಕೇ ಬೆಳಗೆಲ್ಲಾ ಹಿಡಿಯುತ್ತದೆ.