ಬಚ್ಚಲ ಗೋಡೆಯ ಬಾಡಿಗೆದಾರ

ಮಳೆ ಹಿಡಿದರೆ ಕಾರವಾರದ ಮನೆಗಳ ಬಚ್ಚಲ ಗೋಡೆಗೆ ಅಂಗೈಯಗಲದ ಕಂದು ಜೇಡ ಬಂದು ಕೂರುತ್ತದೆ. ಅದು ಹುಳ ಹಿಡಿಯಲು ಬಲೆ ನೇಯುವುದಿಲ್ಲ, ರಾತ್ರಿ ಓಡಾಡಿ ಜಿರಲೆ ಬೇಟೆಯಾಡುತ್ತದೆ. ಹೊಟ್ಟೆಯಡಿ ಬಿಳಿ ಬಿಲ್ಲೆ ಕಂಡರೆ ಅದು ಮೊಟ್ಟೆಚೀಲ. ಪೊರಕೆ ಬೇಡ! ಅಗಲ ಬಾಯಿಯ ಡಬ್ಬಿ ಕವುಚಿ, ಅಡಿಯಿಂದ ಹಳೇ ಕ್ಯಾಲೆಂಡರ್ ರಟ್ಟು ಮೆಲ್ಲಗೆ ತೂರಿಸಿ ಹಿತ್ತಲಿಗೆ ಬಿಡಿ. ಅವಸರ ಮಾಡಿದರೆ ಡಬ್ಬಿಯ ಅಂಚಿಗೆ ಸಿಕ್ಕಿ ಕಾಲು ಮುರಿಯುತ್ತದೆ.

ಮೂಲೆಯ ಬಲೆ ಬೇರೆ ಜೇಡದ್ದು, ಸಣಕಲು ಕಾಲಿನದ್ದು. ಗುಡಿಸಿದಷ್ಟೂ ವಾಪಸ್. ಬಾಗಿಲ ಬಿಳಿ ಟ್ಯೂಬ್‌ಲೈಟಿಗೆ ಹುಳ ಬರುತ್ತದೆ, ಹುಳದ ಹಿಂದೆ ಜೇಡ. ಹಳದಿ ಬಲ್ಬು ಹಾಕಿದರೆ ಎರಡೂ ಕಡಿಮೆ. ಅಂದಹಾಗೆ, ಮುಟ್ಟಿದರೆ ಗಡಗಡ ನಡುಗುವ ಆ ಸಣಕಲು ಕಾಲಿನ ಜೇಡ ಹೆದರಿ ನಡುಗುವುದಲ್ಲ. ವೈರಿ ಕಣ್ಣಿಗೆ ಮಸುಕಾಗಲಿಕ್ಕೆ. ಪುಕ್ಕಲು ಅಂತ ಸುಮ್ಮನೆ ಹೆಸರಿಟ್ಟೆವು.