0.8 ಮಿಲಿಮೀಟರ್

ಇವತ್ತು ಗೆಳತಿಯ ಬಯಾಪ್ಸಿ ರಿಪೋರ್ಟ್ ಬಂತು. ಬೆನ್ನ ಮೇಲಿದ್ದ ಮಚ್ಚೆ ಮೆಲನೋಮಾ, ಅಂದರೆ ಒಂದು ಬಗೆಯ ಚರ್ಮದ ಕ್ಯಾನ್ಸರ್ ಅಂತೆ. ಅದನ್ನು ಕೇಳಿದ ಯಾರೋ ‘ತೂಕ ಜಾಸ್ತಿ ಆಗಿದ್ದಕ್ಕೇ ಬಂತು’ ಅಂದುಬಿಟ್ಟರು. ತುಂಬಾ ಸಿಟ್ಟು ಬಂತು ನನಗೆ. ಹಾಗೆಲ್ಲ ಹೇಳೋದಾ?

ರಿಪೋರ್ಟಿನಲ್ಲಿ ಒಂದು ಸಾಲಿದೆ: ಬ್ರೆಸ್ಲೋ ದಪ್ಪ 0.8 ಮಿ.ಮೀ. ಗಡ್ಡೆ ಚರ್ಮದೊಳಗೆ ಎಷ್ಟು ಆಳ ಇಳಿದಿದೆ ಅನ್ನುವ ಅಳತೆ ಇದು, 1970ರಲ್ಲಿ ಅಲೆಕ್ಸಾಂಡರ್ ಬ್ರೆಸ್ಲೋ ಅನ್ನುವ ವೈದ್ಯರು ಸೂಚಿಸಿದ್ದು. 1 ಮಿ.ಮೀ. ಒಳಗಿದ್ದರೆ ಗುಣವಾಗುವ ಸಾಧ್ಯತೆ ತುಂಬಾ ಚೆನ್ನಾಗಿರುತ್ತದೆ. 4 ದಾಟಿದರೆ ಕಷ್ಟ.

ಬೊಜ್ಜು ಇರುವವರಲ್ಲಿ ಈ ದಪ್ಪ ಹೆಚ್ಚಿರುತ್ತದೆ ಅಂತ ಕೆಲವು ಅಧ್ಯಯನಗಳು ಹೇಳುತ್ತವೆ, ನಿಜ. ಕೊಬ್ಬು ಸುಮ್ನೆ ಕೂತಿರುವುದಿಲ್ಲ, ಗಡ್ಡೆ ಬೆಳೆಯಲು ನೆರವಾಗಬಹುದಾದ ಲೆಪ್ಟಿನ್ ಥರದ ಹಾರ್ಮೋನು ಬಿಡುತ್ತಲೇ ಇರುತ್ತದೆ. ಚರ್ಮದ ಮಡಿಕೆಯಲ್ಲಿರುವ ಮಚ್ಚೆ ಕಣ್ಣಿಗೆ ಬೀಳುವುದೂ ತಡ ಅಲ್ವಾ. ಆದರೆ ಮೆಲನೋಮಾಕ್ಕೆ ದೊಡ್ಡ ಕಾರಣ ಬಿಸಿಲಿನ ಅತಿನೇರಳೆ ಕಿರಣ.

ಇನ್ನೊಂದು ವಿಷಯ ಕೇಳಿ. 2018ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಮೆಲನೋಮಾ ಬೇರೆ ಅಂಗಗಳಿಗೆ ಹರಡಿ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಚಿಕಿತ್ಸೆ) ಅಥವಾ ಟಾರ್ಗೆಟೆಡ್ ಥೆರಪಿ (ಕ್ಯಾನ್ಸರ್ ಕೋಶದ ನಿರ್ದಿಷ್ಟ ದೋಷಕ್ಕೆ ಗುರಿಯಿಡುವ ಔಷಧಿ) ತಗೊಂಡವರಲ್ಲಿ ಬೊಜ್ಜಿರುವ ಗಂಡಸರೇ ಹೆಚ್ಚು ಕಾಲ ಬದುಕಿದ್ದರು. ಹೆಂಗಸರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ.